ಕರಾವಳಿಯ ಥ್ರಿಲ್ಲರ್ ಕಥೆ: ಯಾವ ಪಾತ್ರದ ಕೈಗೆ ಯಾವ ಕೋವಿ?

ಕಾಪು_ಚಿತ್ರಕಥೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು ಸೇರಿ ಕಳೆದ ಒಂದು ವರ್ಷದಿಂದ ಉಡುಪಿ ಮತ್ತು ಮಂಗಳೂರಿನ ನಡುವೆ ನಡೆಯುವ ಥ್ರಿಲ್ಲರ್ ಚಿತ್ರವೊಂದಕ್ಕೆ ಚಿತ್ರಕಥೆ ಬರೆಯುತ್ತಿದ್ದೇವೆ. ಜಾಗದ ತಕರಾರು, ಮುಂಬೈಯಿಂದ ಬಂದ ಬಾಡಿಗೆ ಹಂತಕ, ಕಾರ್ಕಳದ ಕಡೆಯ ಅಡಿಕೆ ತೋಟದ ಹಿರಿಯರು ಮತ್ತು ಪ್ರಕರಣದ ಬೆನ್ನು ಹತ್ತಿದ ಸಬ್ ಇನ್‌ಸ್ಪೆಕ್ಟರ್, ಇಷ್ಟು ಕಥೆಯ ಹಂದರ. ಸಂಭಾಷಣೆಯ ಬಗ್ಗೆ ನಮಗೆ ಧೈರ್ಯವಿದೆ. ಆದರೆ ಆಯುಧಗಳ ವಿಷಯದಲ್ಲಿ ನಮಗೆ ಗೊತ್ತಿರುವುದೆಲ್ಲ ಬೇರೆ ಸಿನಿಮಾಗಳನ್ನು ನೋಡಿ ಕಲಿತದ್ದೇ ಆದ್ದರಿಂದ, ತಿಳಿದವರು ಓದಿ ತಪ್ಪಿದ್ದರೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲ ದೃಶ್ಯದಲ್ಲಿ, ಮಂಗಳೂರಿನ ಬಂದರು ಪ್ರದೇಶದ ವಸತಿಗೃಹವೊಂದರಲ್ಲಿ, ಹಂತಕನು ಸೈಲೆನ್ಸರ್ ಹಾಕಿದ ರಿವಾಲ್ವರಿನಿಂದ ಒಬ್ಬನನ್ನು ಕೊಲ್ಲುತ್ತಾನೆ ಮತ್ತು ಪಕ್ಕದ ಕೋಣೆಯವರಿಗೆ ಏನೂ ಕೇಳಿಸುವುದಿಲ್ಲ. ಎರಡನೆಯದರಲ್ಲಿ ಅವನು ಕಾಪುವಿನ ದೀಪಸ್ತಂಭದ ಮೇಲಿನಿಂದ ದುರ್ಬೀನು ಹಾಕಿದ ಬಂದೂಕಿನಿಂದ ದೋಣಿಯಲ್ಲಿರುವ ಸಾಕ್ಷಿದಾರನಿಗೆ ಗುರಿಯಿಡುತ್ತಾನೆ. ಢಂ ಎಂಬ ಸದ್ದು ಕೇಳಿ ದೋಣಿಯವನು ತಲೆಯೆತ್ತುವಷ್ಟರಲ್ಲಿ ಗುಂಡು ತಾಗುತ್ತದೆ. ಮೂರನೆಯದರಲ್ಲಿ ಸಬ್ ಇನ್‌ಸ್ಪೆಕ್ಟರ್ ಹಂತಕನ ಹಣೆಗೆ ಗ್ಲಾಕ್ ಪಿಸ್ತೂಲು ಹಿಡಿದು, ಹೆಬ್ಬೆರಳಿನಿಂದ ಅದರ ಕುದುರೆಯನ್ನು (ಹಿಂಬದಿಯ ಹ್ಯಾಮರನ್ನು) ಟಕ್ಕೆಂದು ಹಿಂದಕ್ಕೆಳೆದು ಬೆದರಿಸುತ್ತಾರೆ. ಕೊನೆಯ ಕಾಳಗ ಲೋಕಸಭಾ ಚುನಾವಣೆಯ ಮತದಾನದ ಹಿಂದಿನ ರಾತ್ರಿ ತೋಟದ ಮನೆಯಲ್ಲಿ ನಡೆಯುತ್ತದೆ. ಹಿರಿಯರು ತಮ್ಮ ಪರವಾನಗಿಯ ಕೋವಿಯಿಂದ ಬಿಡುವಿಲ್ಲದೆ ಏಳು ಗುಂಡು ಹಾರಿಸುತ್ತಾರೆ, ಹಂತಕ ಜಗಲಿಯಿಂದ ಹಾರಿ ಅಂಗಳದ ತುಳಸಿಕಟ್ಟೆಯ ಬುಡಕ್ಕೆ ಬೀಳುತ್ತಾನೆ.

ಇವುಗಳಲ್ಲಿ ಎಷ್ಟು ಸರಿ, ಎಷ್ಟು ತಪ್ಪು?

ತೋಟದಮನೆ_ಕಾರ್ಕಳ

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ನನ್ನ ಬಳಿ ಅಜ್ಜನ ಕಾಲದಿಂದ ಬಂದ ಪರವಾನಗಿಯ ಕೋವಿ ಇರುವುದರಿಂದ ಕೊನೆಯ ದೃಶ್ಯದ ಬಗ್ಗೆ ಮಾತ್ರ ಹೇಳುತ್ತೇನೆ. ಉಳಿದದ್ದನ್ನು ತಿಳಿದವರು ಹೇಳಲಿ.

ನಮ್ಮ ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಇಟ್ಟುಕೊಂಡಿರುವುದು ಹೆಚ್ಚಾಗಿ 12 ಬೋರಿನ (ಬೋರ್ ಎಂದರೆ ನಳಿಗೆಯ ಒಳಗಿನ ಅಗಲದ ಅಳತೆ) ತೋಟಾ ಕೋವಿ, ಒಂಟಿ ನಳಿಗೆಯದ್ದು ಅಥವಾ ಜೋಡಿ ನಳಿಗೆಯದ್ದು. ಇನ್ನೂ ಹಳೆಯ ಮನೆಗಳಲ್ಲಿ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯೂ ಇದ್ದೀತು. ಒಂಟಿ ನಳಿಗೆಯ ಕೋವಿಯಲ್ಲಿ ಒಮ್ಮೆಗೆ ಒಂದೇ ಈಡು. ಹೊಡೆದ ಮೇಲೆ ನಳಿಗೆಯನ್ನು ಮಡಚಿ, ಖಾಲಿ ತೋಟಾವನ್ನು ತೆಗೆದು, ಹೊಸದನ್ನು ತುರುಕಿ, ಮತ್ತೆ ಮುಚ್ಚಬೇಕು. ಹಗಲಿನಲ್ಲಿ ನೆಮ್ಮದಿಯಿಂದ ಮಾಡಿದರೆ ಅದು ದೊಡ್ಡ ಕೆಲಸವಲ್ಲ, ಆದರೆ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿದ ಕಾಗದದ ತೋಟಾ ನಳಿಗೆಯೊಳಗೆ ಕಚ್ಚಿಕೊಂಡರೆ ಉಗುರು ಕಿತ್ತು ಬಂದರೂ ಅದು ಹೊರಗೆ ಬರುವುದಿಲ್ಲ. ಈಗಿನ ಪ್ಲಾಸ್ಟಿಕ್ ತೋಟಾಗಳಲ್ಲಿ ಆ ಕಾಟ ಕಡಿಮೆ. ನಿಮ್ಮ ಹಿರಿಯರು ಏಳು ಬಾರಿ ಹೊಡೆಯಬೇಕಾದರೆ ನಡುವೆ ಆರು ಬಾರಿ ಕೋವಿ ಮಡಚಬೇಕು, ಅಷ್ಟು ಹೊತ್ತು ಹಂತಕ ಸುಮ್ಮನೆ ನಿಂತಿರಬೇಕು. ಬದಲಿಗೆ ಅವರ ಬಳಿ ಎರಡೇ ತೋಟಾ ಇವೆ, ಒಂದು ಈಡು ಗುರಿ ತಪ್ಪಿದೆ ಎಂದು ಬರೆದು ನೋಡಿ. ಎರಡನೆಯ ತೋಟಾ ನಳಿಗೆಗೆ ಸೇರುವ ತನಕ ಪ್ರೇಕ್ಷಕರು ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ.

ಅದಕ್ಕಿಂತ ದೊಡ್ಡ ತಪ್ಪು ಕಾಲದ್ದು. ಚುನಾವಣೆ ಘೋಷಣೆಯಾದ ಕೂಡಲೇ ಪರವಾನಗಿದಾರರು ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಬರುತ್ತದೆ. ವಿನಾಯಿತಿ ಬೇಕಾದವರು ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. 2024ರಲ್ಲಿ ಮಾರ್ಚ್ 16ರಂದು ಚುನಾವಣೆ ಘೋಷಣೆಯಾಯಿತು, ನಮ್ಮಲ್ಲಿ ಏಪ್ರಿಲ್ 26ರಂದು ಮತದಾನ ನಡೆಯಿತು, ಜೂನ್ 4ರಂದು ಎಣಿಕೆ ಮುಗಿಯಿತು. ಅಷ್ಟೂ ದಿನ ಮಂಗಗಳು ಎಳನೀರಿನ ಗೊನೆಗಳನ್ನು ಹಾಳುಗೆಡವುತ್ತಿದ್ದರೂ ನಾವು ಗರ್ನಾಲು ಪಟಾಕಿ ಸಿಡಿಸಿ, ತಗಡು ಬಡಿದು ದಿನ ದೂಡಿದೆವು. ಹೀಗಿರುವಾಗ ಮತದಾನದ ಹಿಂದಿನ ರಾತ್ರಿ ನಿಮ್ಮ ಹಿರಿಯರ ಕೈಗೆ ಕೋವಿ ಎಲ್ಲಿಂದ ಬಂತು? ಈ ಭಾಗದ ಯಾವ ಕೃಷಿಕನೂ ಚಿತ್ರಮಂದಿರದಲ್ಲಿ ಈ ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ.

ಮಾಜಿ_ಕೆಡೆಟ್_ಮಂಗಳೂರು

ಕಾಲೇಜಿನಲ್ಲಿ ಮೂರು ವರ್ಷ ಎನ್‌ಸಿಸಿಯಲ್ಲಿದ್ದವಳು ನಾನು. ಶಿಬಿರದಲ್ಲಿ .22 ರೈಫಲಿನಿಂದ 25 ಮೀಟರ್ ದೂರದ ಗುರಿಗೆ ಐದೈದು ಗುಂಡು ಹೊಡೆಯುವುದಕ್ಕೆ ನಮಗೆ ಅವಕಾಶ ಸಿಗುತ್ತಿತ್ತು. ಅಷ್ಟು ಸಣ್ಣ ಗುಂಡಿಗೂ ಮೊದಲ ಬಾರಿ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು, ಐದರಲ್ಲಿ ಎರಡು ಗುಂಡು ಕಾಗದಕ್ಕೇ ತಾಗಿರಲಿಲ್ಲ. ಆಯುಧದ ಮೇಲಿನ ಆಸಕ್ತಿಯಿಂದ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ರಿವಾಲ್ವರಿಗೆ ಸೈಲೆನ್ಸರ್ ಹಾಕಿ ಪ್ರಯೋಜನವಿಲ್ಲ. ಗುಂಡುಗಳಿರುವ ತಿರುಗುವ ಉರುಳೆಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, ಹೊಗೆ ಮತ್ತು ಸದ್ದು ಅಲ್ಲಿಂದಲೇ ಹೊರಗೆ ನುಗ್ಗುತ್ತವೆ. ರಷ್ಯಾದ ಸೇನೆ 1895ರಲ್ಲಿ ಒಪ್ಪಿಕೊಂಡ ನಾಗಾಂತ್ ರಿವಾಲ್ವರಿನಲ್ಲಿ ಕುದುರೆ ಎಳೆದಾಗ ಉರುಳೆಯೇ ಮುಂದೆ ಸರಿದು ಆ ಸಂದನ್ನು ಮುಚ್ಚುವುದರಿಂದ, ಅದೊಂದು ಪ್ರಸಿದ್ಧ ಅಪವಾದ. ಪಿಸ್ತೂಲಿಗೆ ಹಾಕಿದರೂ ಸದ್ದು ಮಾಯವಾಗುವುದಿಲ್ಲ: ಸುಮಾರು 160 ಡೆಸಿಬೆಲ್ ಇರುವ ಸದ್ದನ್ನು ಅದು 20ರಿಂದ 35 ಡೆಸಿಬೆಲ್‌ನಷ್ಟು ಇಳಿಸೀತು, ಉಳಿದದ್ದು ಪಕ್ಕದ ಕೋಣೆಯವರನ್ನು ಎಬ್ಬಿಸಲು ಧಾರಾಳ ಸಾಕು. ಪಕ್ಕದ ಕೋಣೆಯವರಿಗೆ ಕೇಳಿಸಿದರೂ ಅದು ಗುಂಡಿನ ಸದ್ದೆಂದು ಅನ್ನಿಸಬಾರದು ಎಂಬುದು ನಿಮ್ಮ ಉದ್ದೇಶವಾದರೆ, ಹೊರಗೆ ಉತ್ಸವದ ಗರ್ನಾಲು ಸಿಡಿಯುವ ರಾತ್ರಿಯನ್ನು ಆರಿಸಿಕೊಳ್ಳಿ. ನಮ್ಮ ಊರಿನಲ್ಲಿ ಅಂಥ ರಾತ್ರಿಗಳಿಗೆ ಕೊರತೆಯಿಲ್ಲ.

ಗ್ಲಾಕ್ ವಿಷಯವಂತೂ ಜಗತ್ತಿನ ಅನೇಕ ಚಿತ್ರಗಳು ಮಾಡಿದ ತಪ್ಪು. 1980ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಸೇನೆಗಾಗಿ ರೂಪುಗೊಂಡ ಆ ಪಿಸ್ತೂಲಿನಲ್ಲಿ ಹೊರಗೆ ಕಾಣುವ ಕುದುರೆಯೇ ಇಲ್ಲ, ಸಿಡಿಸುವ ಕಡ್ಡಿ ಒಳಗೇ ಅಡಗಿದೆ. ಹೆಬ್ಬೆರಳಿನಿಂದ ಎಳೆಯಲು ಅಲ್ಲಿ ಏನೂ ಸಿಗುವುದಿಲ್ಲ. ನಿಮಗೆ ಆ ಟಕ್ಕೆಂಬ ಸದ್ದು ಬೇಕೇ ಬೇಕಾದರೆ ಸಬ್ ಇನ್‌ಸ್ಪೆಕ್ಟರ್ ಕೈಗೆ ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುವ 9 ಎಂಎಂ ಪಿಸ್ತೂಲು ಕೊಡಿ. ಅದು ಬ್ರೌನಿಂಗ್ ಹೈ ಪವರ್ ಎಂಬ ಹಳೆಯ ಪಿಸ್ತೂಲಿನ ವಿನ್ಯಾಸದ್ದು, ಹಿಂಬದಿಯಲ್ಲಿ ಕುದುರೆ ಇದೆ, ಮ್ಯಾಗಜಿನ್‌ನಲ್ಲಿ 13 ಗುಂಡು ಹಿಡಿಯುತ್ತದೆ. ಕೊನೆಯ ಗುಂಡು ಹಾರಿದ ಮೇಲೆ ಅದರ ಮೇಲ್ಭಾಗ ಹಿಂದಕ್ಕೆ ಸರಿದು ಅಲ್ಲಿಯೇ ನಿಲ್ಲುವುದರಿಂದ, ಪಿಸ್ತೂಲು ಖಾಲಿಯಾಗಿದೆ ಎಂದು ಎದುರಿನವನಿಗೂ ಕಾಣುತ್ತದೆ. ಖಾಲಿ ಪಿಸ್ತೂಲಿನ ಟ್ರಿಗರನ್ನು ಟಿಕ್ ಟಿಕ್ ಎಂದು ಒತ್ತುವ ದೃಶ್ಯವನ್ನು ದಯವಿಟ್ಟು ಬರೆಯಬೇಡಿ.

ಇನ್ನು 9 ಎಂಎಂ ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ನಿಷಿದ್ಧ ಬೋರ್. ಪರವಾನಗಿ ಪಡೆದವರು ಸಾಮಾನ್ಯವಾಗಿ ಕೊಳ್ಳುವುದು .32 ಬೋರಿನ ರಿವಾಲ್ವರ್ ಅಥವಾ ಪಿಸ್ತೂಲನ್ನು, ರೈಫಲಿನಲ್ಲಿಯೂ ಹಾಗೆಯೇ, .303 ನಿಷಿದ್ಧ, .315 ಸಿಗುತ್ತದೆ. ಆದ್ದರಿಂದ ಹಂತಕನ ಕೋಣೆಯಲ್ಲಿ 9 ಎಂಎಂ ಖಾಲಿ ತೋಟಾ ಸಿಕ್ಕಿತೆಂದರೆ, ಆಯುಧ ಕಳ್ಳದಾರಿಯಿಂದ ಬಂದಿದೆ ಅಥವಾ ಇಲಾಖೆಯಿಂದಲೇ ಹೊರಗೆ ಹೋಗಿದೆ ಎಂಬ ಸಂಶಯ ಸಬ್ ಇನ್‌ಸ್ಪೆಕ್ಟರಿಗೆ ಆ ಕ್ಷಣದಲ್ಲಿಯೇ ಬರಬೇಕು. ಕಥೆಗೆ ಇದಕ್ಕಿಂತ ಒಳ್ಳೆಯ ಎಳೆ ಬೇಕೇ?

ದೀಪಸ್ತಂಭದ ದೃಶ್ಯದಲ್ಲಿ ಸದ್ದಿನ ಕ್ರಮ ತಲೆಕೆಳಗಾಗಿದೆ. 7.62 ಎಸ್‌ಎಲ್‌ಆರ್ ಎಂಬ, ತಾನಾಗಿ ಮುಂದಿನ ಗುಂಡು ತುಂಬಿಕೊಳ್ಳುವ ರೈಫಲಿನ ಗುಂಡು ನಳಿಗೆಯಿಂದ ಹೊರಡುವಾಗ ಸೆಕೆಂಡಿಗೆ ಸುಮಾರು 840 ಮೀಟರ್ ವೇಗದಲ್ಲಿರುತ್ತದೆ, ಸದ್ದು ಹೋಗುವುದು ಸುಮಾರು 340 ಮೀಟರ್ ಮಾತ್ರ. ದೋಣಿ 400 ಮೀಟರ್ ದೂರದಲ್ಲಿದ್ದರೆ ಗುಂಡು ಹೆಚ್ಚುಕಡಿಮೆ ಅರ್ಧ ಸೆಕೆಂಡಿನಲ್ಲಿ ತಲುಪುತ್ತದೆ, ನಳಿಗೆಯ ಸದ್ದು ಒಂದು ಸೆಕೆಂಡಿಗೂ ಮೀರಿ ತಡೆದು ಬರುತ್ತದೆ. ದೋಣಿಯಲ್ಲಿರುವ ಇನ್ನೊಬ್ಬನಿಗೆ ಮೊದಲು ಚಾಟಿ ಬೀಸಿದಂಥ ಚಟ್ ಎಂಬ ಸದ್ದು ಕೇಳುತ್ತದೆ, ಅದು ಗಾಳಿಯನ್ನು ಸೀಳಿದ ಗುಂಡಿನದ್ದು. ಪಕ್ಕದವನು ಕುಸಿದ ಮೇಲೆ ದಡದ ಕಡೆಯಿಂದ ಢಂ ಎಂದು ಬರುತ್ತದೆ. ಕಡಲಿನ ಮೇಲೆ ಮರಗಳಿಲ್ಲ, ಪ್ರತಿಧ್ವನಿಯಿಲ್ಲ, ಗಾಳಿ ಮತ್ತು ಅಲೆಗಳ ಮೊರೆತ ಮಾತ್ರ. ಈ ಎರಡು ಸದ್ದುಗಳ ನಡುವಿನ ಆ ಅರ್ಧ ಸೆಕೆಂಡನ್ನು ಧ್ವನಿ ವಿನ್ಯಾಸಕರು ಕೈಬಿಡದಂತೆ ನೋಡಿಕೊಳ್ಳಿ. 1901ರಲ್ಲಿ ಕಟ್ಟಿದ ಆ ದೀಪಸ್ತಂಭ ಜನ ಬಂದು ಹೋಗುವ ಜಾಗವೂ ಹೌದು. ಒಂದು ಮೀಟರಿಗಿಂತ ಉದ್ದದ ರೈಫಲನ್ನು ಹಂತಕ ಅಷ್ಟು ಮೆಟ್ಟಿಲು ಹೇಗೆ ಹತ್ತಿಸಿದ ಎಂಬುದಕ್ಕೂ ನಿಮ್ಮಲ್ಲಿ ಉತ್ತರ ಇರಬೇಕು.

ಭೌತಶಾಸ್ತ್ರ_ಉಡುಪಿ

ಹಂತಕ ಜಗಲಿಯಿಂದ ಹಾರಿ ಬೀಳುವುದಕ್ಕೆ ಭೌತಶಾಸ್ತ್ರದ ಒಪ್ಪಿಗೆಯಿಲ್ಲ. 12 ಬೋರಿನ ತೋಟಾದಲ್ಲಿ ಸುಮಾರು 32 ಗ್ರಾಂ ಚರೆ (ಸೀಸದ ಸಣ್ಣ ಗುಂಡುಗಳು) ಇದ್ದು ಅದು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟಿತೆನ್ನೋಣ. ಅಷ್ಟೂ ಚರೆ 70 ಕಿಲೋ ತೂಕದ ಮನುಷ್ಯನ ಮೈಯಲ್ಲೇ ನಿಂತರೂ, ಅದರಿಂದ ಅವನಿಗೆ ಸಿಗುವ ವೇಗ ಸೆಕೆಂಡಿಗೆ 18 ಸೆಂಟಿಮೀಟರ್. 9 ಎಂಎಂ ಗುಂಡಿಗಾದರೆ ಕೇವಲ 4 ಸೆಂಟಿಮೀಟರ್. ಚರೆಗೆ ಅಷ್ಟು ದೂರ ತಳ್ಳುವ ಬಲ ಇದ್ದಿದ್ದರೆ ಕೋವಿ ಹಿಡಿದ ಹಿರಿಯರೂ ಅದೇ ಬಲದಿಂದ ಹಿಂದಕ್ಕೆ ಹಾರಿ ಚಾವಡಿಯ ಗೋಡೆಗೆ ಬಡಿಯಬೇಕಿತ್ತು. ಮನುಷ್ಯ ಕಾಲಿನ ಬಲ ಹೋಗಿ ನಿಂತಲ್ಲೇ ಕುಸಿಯುತ್ತಾನೆ. ಹಾಗೆಯೇ ತೋರಿಸಿ.

ಕಾಪು_ಚಿತ್ರಕಥೆ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಗೆಳೆಯರೊಂದಿಗೆ ಕುಳಿತು ಕೊನೆಯ ಭಾಗವನ್ನು ಪೂರ್ತಿ ಬದಲಾಯಿಸಿದೆವು. ಹಿರಿಯರ ಕೋವಿ ಠಾಣೆಯಲ್ಲಿದೆ ಎಂಬುದು ಹಂತಕನಿಗೆ ಗೊತ್ತಿದೆ, ಆ ಕಾರಣಕ್ಕಾಗಿಯೇ ಅವನು ಆ ರಾತ್ರಿಯನ್ನು ಆರಿಸಿಕೊಂಡಿದ್ದಾನೆ. ಹಿರಿಯರ ಬಳಿ ಉಳಿದಿರುವುದು ಮಂಗ ಓಡಿಸುವ ಗರ್ನಾಲು, ಅಡಿಕೆ ತೋಟದ ಕತ್ತಲೆ ಮತ್ತು ಆ ತೋಟದ ಪ್ರತಿ ಕಣಿಯ (ನೀರುಗಾಲುವೆಯ) ಪರಿಚಯ ಮಾತ್ರ. ಮತ ಎಣಿಕೆ ಮುಗಿದ ಮೇಲೆ, ಕೊನೆಯ ದೃಶ್ಯದಲ್ಲಿ ಕೋವಿ ಮನೆಗೆ ಮರಳುತ್ತದೆ.

ಒಂದು ಸಂದೇಹ ಉಳಿದಿದೆ. ನಮ್ಮದು ಸಣ್ಣ ಬಂಡವಾಳದ ಚಿತ್ರ. ಆ ಕೊನೆಯ ದೃಶ್ಯಕ್ಕೆ ಪರಿಚಯದವರೊಬ್ಬರ ನಿಜವಾದ ಕೋವಿಯನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆಯಬಹುದೇ?

ಮಾಜಿ_ಕೆಡೆಟ್_ಮಂಗಳೂರು

ಖಂಡಿತ ಬೇಡ. ಪರವಾನಗಿ ವ್ಯಕ್ತಿಗೆ ಕೊಡುವಂಥದ್ದು. ಕೋವಿಯನ್ನು ನಿಮ್ಮ ನಟನ ಕೈಗೆ ಒಪ್ಪಿಸಿದರೆ 1959ರ ಆಯುಧ ಕಾಯ್ದೆಯಡಿ ನಿಮ್ಮ ಪರಿಚಯದವರೇ ತೊಂದರೆಗೆ ಸಿಲುಕುತ್ತಾರೆ. ಅಪಾಯದ ಮಾತನ್ನೂ ಹೇಳಬೇಕು. 1993ರಲ್ಲಿ ಅಮೆರಿಕದಲ್ಲಿ ಚಿತ್ರೀಕರಣದ ನಡುವೆ ನಟ ಬ್ರ್ಯಾಂಡನ್ ಲೀ ಸತ್ತದ್ದು ಗುಂಡಿಲ್ಲದೆ ಮದ್ದು ಮಾತ್ರ ತುಂಬಿದ ತೋಟಾ ಹಾರಿಸಿದಾಗ. ಹಿಂದಿನ ದೃಶ್ಯವೊಂದಕ್ಕೆ ಬಳಸಿದ ನಕಲಿ ತೋಟಾದ ಗುಂಡಿನ ತುದಿ ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು, ಅದನ್ನು ಯಾರೂ ನೋಡಿರಲಿಲ್ಲ. ಆ ಮದ್ದು ಅದನ್ನು ನಿಜವಾದ ಗುಂಡಿನಂತೆಯೇ ಹೊರದೂಡಿತು. ಮರ ಮತ್ತು ಕೊಳವೆಯಿಂದ ಬಡಗಿಯೊಬ್ಬರ ಕೈಯಲ್ಲಿ ಸಿಡಿಯಲಾರದ ಪ್ರತಿಕೃತಿ ಮಾಡಿಸಿ. ನಳಿಗೆಯ ಬೆಂಕಿಯನ್ನೂ ಹೊಗೆಯನ್ನೂ ಗಣಕದಲ್ಲಿ ಸೇರಿಸಿದರಾಯಿತು. ಚಿತ್ರೀಕರಣದ ದಿನ ಸ್ಥಳೀಯ ಠಾಣೆಗೆ ಮೊದಲೇ ಲಿಖಿತವಾಗಿ ತಿಳಿಸುವುದನ್ನೂ ಮರೆಯಬೇಡಿ, ದೂರದಿಂದ ನೋಡಿದವರಿಗೆ ಅದು ನಕಲಿಯೆಂದು ತಿಳಿಯುವುದಿಲ್ಲ.

ತೋಟದಮನೆ_ಕಾರ್ಕಳ

ಅವರು ಹೇಳಿದ್ದೇ ಸರಿ. ಯಾರ ಕೋವಿಯನ್ನೂ ಕೇಳಬೇಡಿ, ಕೇಳಿದರೆ ನಾನೂ ಕೊಡುವುದಿಲ್ಲ. ಆದರೆ ಪ್ರತಿಕೃತಿ ಮಾಡುವ ಬಡಗಿಗೆ ಅಳತೆ ಬೇಕಾದರೆ ಒಂದು ದಿನ ಮನೆಗೆ ಬನ್ನಿ, ನನ್ನ ಎದುರಿನಲ್ಲಿ ಅಳೆದುಕೊಂಡು, ಚಿತ್ರ ತೆಗೆದುಕೊಂಡು ಹೋಗಬಹುದು.

ಕೋವಿ ಮನೆಗೆ ಮರಳುವ ದೃಶ್ಯದಲ್ಲಿ ಎರಡು ಸಂಗತಿಗಳನ್ನು ಸೇರಿಸಿಕೊಳ್ಳಿ. ಠಾಣೆಯಲ್ಲಿ ಪರವಾನಗಿ ಸಂಖ್ಯೆ ಬರೆದ ರಟ್ಟಿನ ಚೀಟಿಯನ್ನು ಸೆಣಬಿನ ದಾರದಿಂದ ಟ್ರಿಗರಿನ ಬಳೆಗೆ ಕಟ್ಟಿರುತ್ತಾರೆ, ನಮ್ಮ ಕೋವಿ ಹಾಗೆಯೇ ಬಂದಿತ್ತು. ಅಷ್ಟು ದಿನ ಎಣ್ಣೆ ಕಾಣದೆ ಇದ್ದುದರಿಂದ ನಳಿಗೆಯ ಬಾಯಿಯ ಸುತ್ತ ಬೆರಳ ಅಗಲದಷ್ಟು ತುಕ್ಕು ಹಿಡಿದಿತ್ತು. ಜೂನ್ ತಿಂಗಳು, ಹೊರಗೆ ಮಳೆ ಹಿಡಿದಿತ್ತು. ನಾನು ಚೀಟಿ ಬಿಚ್ಚುವ ಮೊದಲು ತೆಂಗಿನೆಣ್ಣೆಯ ಬಟ್ಟೆ ಹುಡುಕಲು ಒಳಗೆ ಹೋದೆ. ನಿಮ್ಮ ಹಿರಿಯರೂ ಹಾಗೆಯೇ ಮಾಡುತ್ತಾರೆ.