ಟರ್ಬೊ ಗಾಡಿಗೆ ಮಿನರಲ್ ಆಯಿಲ್ ಹಾಕಿ 5 ಸಾವಿರ ಕಿ.ಮೀ.ಗೆ ಬದಲಿಸಿದ್ರ ನಡೀತೈತೇನ್ರಿ?

ಉಣಕಲ್_ಟಿಎಸ್‌ಐ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ. ಗಾಡಿ 2018ರ ಪೋಲೊ ಜಿಟಿ ಟಿಎಸ್‌ಐ, 1.2 ಟರ್ಬೊ ಪೆಟ್ರೋಲ್, ಡಿಎಸ್‌ಜಿ (ಆಟೊಮ್ಯಾಟಿಕ್ ಗೇರ್). 68,000 ಕಿ.ಮೀ. ಆಗೇತಿ, ಸ್ಟೇಜ್ 1 ರೀಮ್ಯಾಪ್ (ಪವರ್ ಏರಸಾಕ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿದ್ದು) ಐತಿ. ದಿನಾ ಉಣಕಲ್‌ದಿಂದ ಗೋಕುಲ ರೋಡಿಗೆ ಹೋಗಿ ಬರೋದು, ಒಟ್ಟು 12-14 ಕಿ.ಮೀ., ಬರೀ ಸಿಗ್ನಲ್ ಟ್ರಾಫಿಕ್. ತಿಂಗಳಿಗೆ ಎರಡು ಸಲ ಬೆಳಗಾವಿ, ವರ್ಷಕ್ಕ ಮೂರ್ನಾಕು ಸಲ ಅರಬೈಲ್ ಘಟ್ಟ ಇಳಿದು ಅಂಕೋಲಾ.

ಗ್ಯಾರೇಜಿನವರು ಹೇಳೋದು ಹಿಂಗೈತಿ: "ನಮ್ಮ ಕಡೆ ಬಿಸಿಲಿಗೆ ದಪ್ಪ ಆಯಿಲ್ ಬೇಕ್ರಿ, 20ಡಬ್ಲ್ಯೂ-50 ಮಿನರಲ್ ಹಾಕಿ 5 ಸಾವಿರಕ್ಕ ಒಮ್ಮಿ ಬದಲಿಸ್ರಿ, ಸಿಂಥೆಟಿಕ್ ಹಾಕಿ 15 ಸಾವಿರ ಓಡಿಸೋದಕ್ಕಿಂತ ಅದ ಚೊಲೋ." ರೊಕ್ಕದ ಲೆಕ್ಕದಾಗ ಹೆಚ್ಚು ಕಡಿಮಿ ಅಷ್ಟ ಬರತೈತಿ. ಎಂಜಿನ್ನಿಗೆ ಯಾವುದು ಛಲೋ? ಸಿಂಥೆಟಿಕ್ ಅಂದ್ರ ಯಾವುದು ಹಾಕಬೇಕು, ಎಷ್ಟಕ್ಕ ಬದಲಿಸಬೇಕು, ತಿಳಿದವರು ಹೇಳ್ರಿ.

ಗೋಕುಲ್_ರೋಡ್_ಸ್ಪ್ಯಾನರ್

ಈ ಎಂಜಿನ್ನಿಗೆ ಮಿನರಲ್ ಬ್ಯಾಡ್ರಿ. 5 ಸಾವಿರಕ್ಕಲ್ಲ, 2 ಸಾವಿರಕ್ಕ ಬದಲಿಸಿದ್ರೂ ಬ್ಯಾಡ.

ಲಗು ಬದಲಿಸಿದ್ರ ಹೊಲಸಾದ ಆಯಿಲ್ ಹೊರಗ ಹೋಗತೈತಿ, ಅದು ಖರೆ. ಆದ್ರ ಟರ್ಬೊದಾಗ (ಎಕ್ಸಾಸ್ಟ್ ಹೊಗಿಯ ರಭಸಕ್ಕ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬೋ ಭಾಗ) ಸುಟ್ಟು ಕಟ್ಟಿದ ಕಾರ್ಬನ್ ಹೊರಗ ಹೋಗಂಗಿಲ್ಲ. ಘಟ್ಟ ಹತ್ತಿಸಿಕೊಂಡು ಬಂದು ಯಲ್ಲಾಪುರದಾಗ ಚಹಾಕ್ಕಂತ ಗಾಡಿ ನಿಲ್ಲಿಸಿ ತಕ್ಷಣ ಚಾವಿ ತಿರುವಿದ್ರ, ಆಯಿಲ್ ಪಂಪ್ ನಿಂತು ಬಿಡತೈತಿ. ಟರ್ಬೊದ ಶಾಫ್ಟ್ ಸುತ್ತ ನಿಂತ ನಾಕು ಹನಿ ಆಯಿಲ್ ಎಕ್ಸಾಸ್ಟ್ ಕಡೆ ಕಾವಿಗೆ ಅಲ್ಲೇ ಬೇಯತೈತಿ. ಮಿನರಲ್ ಆಯಿಲ್ ಅಲ್ಲಿ ಕರಿ ಹಕ್ಕಳಿ ಆಗಿ ಹಿಡಕೊಂಡು ಬಿಡತೈತಿ. ಹಕ್ಕಳಿ ಮ್ಯಾಲ ಹಕ್ಕಳಿ ಕೂತು ಆಯಿಲ್ ಪೈಪಿನ ದಾರಿ ಸಣ್ಣದಾಗತೈತಿ, ಬೇರಿಂಗ್ ಒಣಗತೈತಿ, ಶಾಫ್ಟ್ ಲಕ್ಷಕ್ಕೂ ಮೀರಿ ಆರ್‌ಪಿಎಂನಾಗ ತಿರುಗುವಾಗ ಅಲುಗಾಡಾಕ ಹತ್ತತೈತಿ. ಮುಂದ ನೀವು ಎಂಥಾ ಆಯಿಲ್ ಹಾಕಿದ್ರೂ ಆ ಹಕ್ಕಳಿ ಕರಗಂಗಿಲ್ಲ. ಈ ಗಾಡಿಯ ಟರ್ಬೊಕ್ಕ ನೀರಿನ ಕೂಲಿಂಗ್ ಐತಿ, ಅದರಿಂದ ಕಾವು ಕಡಿಮಿ ಆಗತೈತಿ, ಪೂರ್ತಿ ತಪ್ಪಂಗಿಲ್ಲ. ಜೋರು ಓಡಿಸಿದ ಮ್ಯಾಲ ಒಂದು ನಿಮಿಷ ಐಡಲ್ ಬಿಟ್ಟು ಬಂದ್ ಮಾಡ್ರಿ.

ಇನ್ನ ದಪ್ಪ ಆಯಿಲ್ ಮಾತು. ಡೇಟಾ ಶೀಟ್ ನೋಡ್ರಿ: 40 ಡಿಗ್ರಿಯೊಳಗ 20ಡಬ್ಲ್ಯೂ-50 ಸುಮಾರು 160 ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಅಳತಿ) ಇರತೈತಿ, 5ಡಬ್ಲ್ಯೂ-40 ಸುಮಾರು 80. ಮುಂಜಾನೆ ಸೆಲ್ಫ್ ಹೊಡದಾಗ ದಪ್ಪ ಆಯಿಲ್ ಮ್ಯಾಲ ಹೆಡ್ಡಿಗೆ (ಎಂಜಿನ್ನಿನ ಮ್ಯಾಲಿನ ಭಾಗ), ಟರ್ಬೊಕ್ಕ ತಡವಾಗಿ ಮುಟ್ಟತೈತಿ. ಹೈಡ್ರಾಲಿಕ್ ಟ್ಯಾಪೆಟ್ (ಆಯಿಲ್ ಒತ್ತಡದ ಮ್ಯಾಲ ನಡೆಯೋ ವಾಲ್ವಿನ ಭಾಗ) ಟಿಕ್ ಟಿಕ್ ಅಂತಾವ. ಪ್ರೆಶರ್ ಜಾಸ್ತಿ ಆಗಿ ಫಿಲ್ಟರಿನ ಬೈಪಾಸ್ ವಾಲ್ವ್ ತೆರೀತೈತಿ, ಆವಾಗ ಆಯಿಲ್ ಸೋಸದನ ಬೇರಿಂಗಿಗೆ ಹೋಗತೈತಿ. ನಮ್ಮ ಬಿಸಿಲು 38 ಡಿಗ್ರಿ ಇರಲಿ, ಪೂರ್ತಿ ಕಾದ ಎಂಜಿನ್ ಒಳಗಿನ ಆಯಿಲ್ 100ರ ಸುತ್ತಮುತ್ತ ಇರತೈತಿ. ಅಲ್ಲಿ ಬೇಕಾದ ದಪ್ಪ 5ಡಬ್ಲ್ಯೂ-40 ಕೊಡತೈತಿ. ಮುಂದಿನ '5ಡಬ್ಲ್ಯೂ' ಥಂಡಿಯೊಳಗಿನ ಅಳತಿ, ಹಿಂದಿನ '40' ಬಿಸಿಯೊಳಗಿನ ಅಳತಿ. '5' ನೋಡಿ ನೀರಿನಂಥಾ ಆಯಿಲ್ ಅಂತ ತಿಳಿಯೋದು ಭಾಳ ಕಡೆ ನಡೆಯೋ ತಪ್ಪು.

ಸಪ್ತಾಪುರ_ಲ್ಯಾಬ್ (ಧಾರವಾಡ)

ಮೇಲಿನ ಉತ್ತರಕ್ಕೆ ಪೂರ್ತಿ ಒಪ್ಪಿಗೆ. ಆದರೆ 'ಸಿಂಥೆಟಿಕ್' ಎಂಬ ಒಂದೇ ಶಬ್ದ ನಂಬಿ ಡಬ್ಬಿ ಕೊಳ್ಳಬೇಡಿ.

ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ವರ್ಗೀಕರಣದಲ್ಲಿ ಮೂಲ ತೈಲಕ್ಕೆ, ಅಂದರೆ ಅಡಿಟಿವ್ ಬೆರೆಸುವ ಮೊದಲಿನ ಎಣ್ಣೆಗೆ, ಐದು ಗುಂಪುಗಳಿವೆ. ಒಂದು ಮತ್ತು ಎರಡು ನಾವು ಮಿನರಲ್ ಅನ್ನುವಂಥವು. ಒಂದನೇ ಗುಂಪಿನಲ್ಲಿ ಗಂಧಕ ಹೆಚ್ಚು, ಬೇಗ ಉತ್ಕರ್ಷಣೆಯಾಗುವ ಅಣುಗಳೂ ಹೆಚ್ಚು. ಬಿಸಿಗೆ ಕೆಸರಾಗುವುದು ಅದಕ್ಕೇ. ಮೂರನೆಯದೂ ಕಚ್ಚಾ ತೈಲದಿಂದಲೇ ಬರುತ್ತದೆ, ಆದರೆ ಹೈಡ್ರೋಜನ್ ಒತ್ತಡದಲ್ಲಿ ಅಣುಗಳನ್ನೇ ಒಡೆದು ಮರುಜೋಡಿಸಿದ್ದು. ಅದರ ಸ್ನಿಗ್ಧತಾ ಸೂಚ್ಯಂಕ (ಬಿಸಿ ಏರಿದರೂ ದಪ್ಪ ಎಷ್ಟು ಉಳಿಯುತ್ತದೆ ಎಂಬ ಅಂಕಿ) 120 ಅಥವಾ ಮೇಲೆ. ನಾಲ್ಕನೆಯದು ಪಿಎಒ, ಅಂದರೆ ರಾಸಾಯನಿಕವಾಗಿ ಕಟ್ಟಿದ ತೈಲ. ಎಸ್ಟರ್ ಮುಂತಾದ ಉಳಿದವೆಲ್ಲ ಐದನೆಯದರಲ್ಲಿ. ಮೂರನೇ ಗುಂಪಿನದನ್ನು ಸಿಂಥೆಟಿಕ್ ಅನ್ನಬಹುದೋ ಬಾರದೋ ಎಂದು ಅಮೆರಿಕದಲ್ಲಿ ಎರಡು ದೊಡ್ಡ ತೈಲ ಕಂಪನಿಗಳ ನಡುವೆ ಜಾಹೀರಾತು ತಕರಾರು ನಡೆದು, 1999ರಲ್ಲಿ ಅನ್ನಬಹುದು ಎಂದು ತೀರ್ಮಾನವಾಯಿತು. ಹಾಗಾಗಿ 'ಫುಲ್ ಸಿಂಥೆಟಿಕ್' ಡಬ್ಬಿಯೊಳಗೆ ಮೂರನೇ ಗುಂಪಿನದೂ ಇರಬಹುದು. ಅದು ಮೋಸವಲ್ಲ, ಒಳ್ಳೆಯ ಅಡಿಟಿವ್ ಜೊತೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. 'ಸೆಮಿ ಸಿಂಥೆಟಿಕ್' ಡಬ್ಬಿಯ ಮೇಲೆ ಮಾತ್ರ ಎಷ್ಟು ಪಾಲು ಬೆರೆಸಿದ್ದಾರೆ ಎಂದು ಬರೆದಿರುವುದಿಲ್ಲ.

ಆದ್ದರಿಂದ ನೋಡಬೇಕಾದ್ದು ಡಬ್ಬಿಯ ಹಿಂದಿನ ಸಣ್ಣ ಅಕ್ಷರ. ನಿಮ್ಮ ಗಾಡಿಗೆ ಬೇಕಾದದ್ದು ವಿಡಬ್ಲ್ಯೂ 502 00, ಅಂದರೆ ಫೋಕ್ಸ್‌ವ್ಯಾಗನ್ ಕಂಪನಿಯದೇ ಆಯಿಲ್ ಮಾನದಂಡ. 'ಅಪ್ರೂವ್ಡ್' ಎಂದು ಬರೆದಿದ್ದರೆ ಕಂಪನಿ ಪರೀಕ್ಷೆ ಪಾಸಾಗಿದೆ ಎಂದರ್ಥ. 'ಸೂಟೆಬಲ್ ಫಾರ್' ಎಂದಿದ್ದರೆ ಅದು ಆಯಿಲ್ ಮಾರುವವರ ಸ್ವಂತ ಮಾತು. ಈ ಅಪ್ರೂವಲ್ ಇರುವ ಆಯಿಲ್ ಸಾಮಾನ್ಯವಾಗಿ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ದರ್ಜೆ ಎ3/ಬಿ4 ಕೂಡ ಆಗಿರುತ್ತದೆ. ಅದರಲ್ಲಿ ಎಚ್‌ಟಿಎಚ್‌ಎಸ್, ಅಂದರೆ 150 ಡಿಗ್ರಿಯಲ್ಲಿ ಬೇರಿಂಗ್ ಒತ್ತಡಕ್ಕೆ ಸಿಕ್ಕಾಗ ಉಳಿಯುವ ದಪ್ಪ, 3.5ಕ್ಕಿಂತ ಕಡಿಮೆ ಇರುವಂತಿಲ್ಲ. ರೀಮ್ಯಾಪ್ ಗಾಡಿಗೆ ಈ ಅಂಕಿಯೇ ಮುಖ್ಯ. 504 00 ಇರುವ 5ಡಬ್ಲ್ಯೂ-30ಯಲ್ಲೂ 3.5 ಇರುತ್ತದೆ, ಅದೂ ನಡೆಯುತ್ತದೆ. ಆದರೆ 508 00 ಇರುವ ಹಸಿರು ಬಣ್ಣದ 0ಡಬ್ಲ್ಯೂ-20 ಎಷ್ಟೇ ದುಬಾರಿ ಇದ್ದರೂ ಈ ಎಂಜಿನ್ನಿಗೆ ಹಾಕಬೇಡಿ. ಅದು ಅದಕ್ಕೆಂದೇ ವಿನ್ಯಾಸ ಮಾಡಿದ ಎಂಜಿನ್ನುಗಳಿಗೆ ಮಾತ್ರ.

ಇನ್ನೊಂದು ವಿಷಯ. ನಿಮ್ಮದರಂಥ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ) ಟರ್ಬೊ ಪೆಟ್ರೋಲಿನಲ್ಲಿ 1,500-2,000 ಆರ್‌ಪಿಎಂನಲ್ಲಿ ಆಕ್ಸಲರೇಟರ್ ಪೂರ್ತಿ ಒತ್ತಿದರೆ ಸ್ಪಾರ್ಕಿಗಿಂತ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ. ಇಂಗ್ಲಿಷಿನಲ್ಲಿ ಎಲ್‌ಎಸ್‌ಪಿಐ ಅನ್ನುತ್ತಾರೆ. ಒಂದೇ ಏಟಿಗೆ ಪಿಸ್ಟನ್ನಿನ ರಿಂಗ್ ಜಾಗ ಒಡೆಯಬಹುದು. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿದ್ದರೆ ಈ ಅಪಾಯ ಹೆಚ್ಚುತ್ತದೆ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯಲ್ಲಿ ಇದಕ್ಕೆ ಪರೀಕ್ಷೆ ಇದೆ, ಎ3/ಬಿ4ರಲ್ಲಿ ಇಲ್ಲ. ಆದ್ದರಿಂದ 502 00 ಮತ್ತು ಎಸ್‌ಪಿ ಎರಡೂ ಬರೆದಿರುವ 5ಡಬ್ಲ್ಯೂ-40 ಹುಡುಕಿ. ಘಟ್ಟ ಹತ್ತುವಾಗ ಗೇರ್ ಲಿವರ್ 'ಎಸ್'ಗೆ ಹಾಕಿ, ಎಂಜಿನ್ ಮೇಲಿನ ಆರ್‌ಪಿಎಂನಲ್ಲಿ ಇರಲಿ.

ಬೆಟಗೇರಿ_ವಿಟೆಕ್ (ಗದಗ)

ನಡುವ ಬಾಯಿ ಹಾಕಿದ್ದಕ್ಕ ಕ್ಷಮಾ ಇರಲಿ. ನನ್ನದು 2001ರ ಹೋಂಡಾ ಸಿಟಿ 1.5 ವಿಟೆಕ್ (ಮ್ಯಾಲಿನ ಆರ್‌ಪಿಎಂನಾಗ ವಾಲ್ವ್ ಹೆಚ್ಚು ತೆರೆಯೋ ಹೋಂಡಾ ವ್ಯವಸ್ಥಾ), ಟರ್ಬೊ ಇಲ್ಲ. ಹಿಂದಿನವರು ವರ್ಷಗಟ್ಟಲೆ 20ಡಬ್ಲ್ಯೂ-50 ಮಿನರಲ್ ಹಾಕ್ಯಾರ. ಮ್ಯಾಲಿನ ಆರ್‌ಪಿಎಂನಾಗ ವಿಟೆಕ್ ಎಳೆತ ಬರವಲ್ಲದು. ಸಿಂಥೆಟಿಕ್ ಹಾಕಿದ್ರ ಸೀಲ್ ಸೋರತಾವ ಅಂತ ಹೆದರಸ್ತಾರ. ಏನ ಮಾಡ್ಲಿ ಅಣ್ಣಾರ?

ಗೋಕುಲ್_ರೋಡ್_ಸ್ಪ್ಯಾನರ್

ನಿಮ್ಮ ಗಾಡಿ ಲೆಕ್ಕ ಬ್ಯಾರೆ ಐತ್ರಿ. ಟರ್ಬೊ ಇಲ್ಲ ಅಂದಮ್ಯಾಲ ಚೊಲೋ ಮಿನರಲ್ ಅಥವಾ ಸೆಮಿ 5 ಸಾವಿರಕ್ಕ ಬದಲಿಸಿಕೋತ ಹೋದ್ರ ಎಂಜಿನ್ ಆರಾಮ ಇರತೈತಿ. ಆದ್ರ 20ಡಬ್ಲ್ಯೂ-50 ಬಿಡ್ರಿ, 10ಡಬ್ಲ್ಯೂ-40ಕ್ಕ ಬರ್‍ರಿ.

ವಿಟೆಕ್ ನಡೆಯೋದು ಆಯಿಲ್ ಪ್ರೆಶರ್ ಮ್ಯಾಲ. ರಾಕರ್ ಒಳಗಿನ ಪಿನ್ನು ಆಯಿಲ್ ಒತ್ತಡಕ್ಕ ಸರದು ದೊಡ್ಡ ಕ್ಯಾಮಿಗೆ ಜೋಡಸತೈತಿ. ಆ ಆಯಿಲ್ ಬರೋದು ಹೆಡ್ಡಿನ ಸೊಲೆನಾಯ್ಡ್ (ಕರೆಂಟಿನ ವಾಲ್ವ್) ಹಾದು, ಅದರ ಗ್ಯಾಸ್ಕೆಟ್‌ನಾಗ ಒಂದು ಸಣ್ಣ ಜಾಳಿಗಿ ಐತಿ. ಹಳೆ ಕೆಸರು ಮೊದಲು ಕೂಡೋದು ಅಲ್ಲೇ. ಸೊಲೆನಾಯ್ಡ್ ಬಿಚ್ಚಿ ಜಾಳಿಗಿ ನೋಡ್ರಿ, ಕರಿ ಮೇಣದಂಗ ಕಟ್ಟಿದ್ರ ಹೊಸ ಗ್ಯಾಸ್ಕೆಟ್ ಹಾಕ್ರಿ. ಆಯಿಲ್ ಲೆವೆಲ್ ಕಡಿಮಿ ಇದ್ರೂ ವಿಟೆಕ್ ಏಳಂಗಿಲ್ಲ, ಮೊದಲು ಗೇಜ್ (ಆಯಿಲ್ ಮಟ್ಟ ತೋರಿಸೋ ಕಡ್ಡಿ) ತಗದು ನೋಡ್ರಿ.

ಎಂಜಿನ್ ಫ್ಲಶ್ ಹಾಕಬ್ಯಾಡ್ರಿ. ವರ್ಷಗಟ್ಟಲೆಯ ಕೆಸರು ಒಮ್ಮೆಲೆ ಕಿತ್ತು ಬಂದ್ರ ಚೇಂಬರಿನ (ಎಂಜಿನ್ ತಳದಾಗ ಆಯಿಲ್ ನಿಲ್ಲೋ ತೊಟ್ಟಿ) ಆಯಿಲ್ ಜಾಳಿಗಿ ಮುಚ್ಚಿಕೊಂಡು ಪ್ರೆಶರ್ ಬೀಳತೈತಿ. 10ಡಬ್ಲ್ಯೂ-40 ಹಾಕಿ 1,500 ಕಿ.ಮೀ.ಗೆ ಫಿಲ್ಟರ್ ಸಮೇತ ಬದಲಿಸ್ರಿ, ಮತ್ತ ಒಂದು ಸಲ ಹಂಗ ಮಾಡಿ ಆಮ್ಯಾಲ 5 ಸಾವಿರಕ್ಕ. ನಿಧಾನಕ ತೊಳಕೊಂಡು ಬರತೈತಿ.

ಸೀಲಿನ ಮಾತು: ಈಗಿನ ಸಿಂಥೆಟಿಕ್ ರಬ್ಬರ್ ಹಾಳು ಮಾಡಂಗಿಲ್ಲ. ಗಟ್ಟಿಯಾಗಿ ಬಿರುಕು ಬಿಟ್ಟ ಸೀಲಿಗೆ ಕೆಸರೇ ಬೂಚ್ ಆಗಿ ಕೂತಿರತೈತಿ, ಅದು ತೊಳದು ಹೋದ್ರ ಸೋರಿಕೆ ಕಾಣತೈತಿ. ನಿಮ್ಮ ಗಾಡಿಯೊಳಗ ಮೊದಲು ಸೋರೋದು ಡಿಸ್ಟ್ರಿಬ್ಯೂಟರಿನ ಓ-ರಿಂಗ್ ಮತ್ತ ಹೆಡ್ ಕವರ್ ಗ್ಯಾಸ್ಕೆಟ್. ಎರಡೂ ಅಗ್ಗ, ಮೊದಲ ಹಾಕಿ ಬಿಡ್ರಿ.

ಉಣಕಲ್_ಟಿಎಸ್‌ಐ

ಭಾಳ ಉಪಕಾರ ಆತ್ರಿ. 502 00, ಎಸ್‌ಪಿ, 5ಡಬ್ಲ್ಯೂ-40 ಅಂತ ಬರಕೊಂಡೆ. ಎಷ್ಟಕ್ಕ ಬದಲಿಸಬೇಕು? ಮನ್ಯಾಗ ಬದಲಿಸಿದ್ರ ಏನ ಕಾಳಜಿ? ಡುಪ್ಲಿಕೇಟ್ ಡಬ್ಬಿ ಗುರ್ತಿಸೋದು ಹ್ಯಾಂಗ?

ಸಪ್ತಾಪುರ_ಲ್ಯಾಬ್ (ಧಾರವಾಡ)

ಕಂಪನಿ ಹೇಳುವುದು 15,000 ಕಿ.ಮೀ. ಅಥವಾ ಒಂದು ವರ್ಷ. ನಿಮ್ಮ ಓಡಾಟಕ್ಕೆ 7,500 ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ತಾಸಿನ ಲೆಕ್ಕ ಹಾಕಿ ನೋಡಿ: ಸರಾಸರಿ 60 ವೇಗದಲ್ಲಿ 15,000 ಕಿ.ಮೀ. ಅಂದರೆ 250 ತಾಸು. ಊರೊಳಗೆ 20ರ ಸರಾಸರಿಯಲ್ಲಿ ಅದೇ ದೂರ 750 ತಾಸು. ಜೊತೆಗೆ ಆರೇಳು ಕಿ.ಮೀ.ಯ ಓಡಾಟದಲ್ಲಿ ನೀರಿನ ಮುಳ್ಳು 90ಕ್ಕೆ ಬಂದರೂ ಆಯಿಲ್ ಇನ್ನೂ ಪೂರ್ತಿ ಕಾದಿರುವುದಿಲ್ಲ. ಉರಿಯದ ಪೆಟ್ರೋಲು, ನೀರಿನಾಂಶ ಅದರಲ್ಲೇ ಉಳಿದು ಆಯಿಲ್ ತೆಳುವಾಗುತ್ತದೆ. ಗೇಜಿನಲ್ಲಿ ಮಟ್ಟ ತಾನಾಗಿ ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಕಿ.ಮೀ. ನೋಡದೆ ಬದಲಿಸಿ. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಕಂಡರೆ ಗಾಬರಿ ಬೇಡ. ಬೈಪಾಸ್ ರಸ್ತೆಯಲ್ಲಿ ಅರ್ಧ ತಾಸು ಓಡಿಸಿದರೆ ಆ ನೀರು ಆವಿಯಾಗಿ ಹೋಗುತ್ತದೆ. ಹೋಗದಿದ್ದರೆ, ಕೂಲಂಟ್ ಕೂಡ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ತೋರಿಸಿ.

ನವಲಗುಂದ, ಅಣ್ಣಿಗೇರಿ ಕಡೆ ಸುಗ್ಗಿಯಲ್ಲಿ ಓಡಾಟವಿದ್ದರೆ ಏರ್ ಫಿಲ್ಟರ್ ಕಡೆ ಗಮನ ಕೊಡಿ. ಎರೆಮಣ್ಣಿನ ಧೂಳು ಒಳಗೆ ಹೋದರೆ ಎಂಥ ಸಿಂಥೆಟಿಕ್ ಆಯಿಲ್ ಕೂಡ ರಿಂಗ್ ಉಳಿಸುವುದಿಲ್ಲ. ರೀಮ್ಯಾಪ್ ಜೊತೆ ಎಣ್ಣೆ ಸವರಿದ ಫಿಲ್ಟರ್ ಹಾಕಿಸಿದ್ದರೆ ತೆಗೆದು ಕಾಗದದ್ದೇ ಹಾಕಿ.

ಗೋಕುಲ್_ರೋಡ್_ಸ್ಪ್ಯಾನರ್

ಬದಲಿಸೋ ಕ್ರಮ. ಗಾಡಿ ಹತ್ತು ನಿಮಿಷ ಓಡಿಸಿ ಸಮ ನೆಲದ ಮ್ಯಾಲ ನಿಲ್ಲಿಸ್ರಿ. ಬರೀ ಜಾಕಿನ ಮ್ಯಾಲ ಕೆಳಗ ಹೋಗಬ್ಯಾಡ್ರಿ, ಸ್ಟ್ಯಾಂಡ್ ಇಡ್ರಿ. ಮ್ಯಾಲಿನ ಮುಚ್ಚಳ ತಗದು ಡ್ರೇನ್ ಬೋಲ್ಟ್ ಬಿಚ್ಚಿ 15-20 ನಿಮಿಷ ಇಳಿಯಾಕ ಬಿಡ್ರಿ. ಡ್ರೇನ್ ಬೋಲ್ಟ್ ಸೀಲಿನ ಜೋಡಿ ಬರತೈತಿ, ಪ್ರತಿ ಸಲ ಹೊಸಾದು, 30 ನ್ಯೂಟನ್ ಮೀಟರ್ ಅಷ್ಟ. ಉದ್ದ ಪಾನಾ ಹಾಕಿ ಎಳದ್ರ ಚೇಂಬರಿನ ಥ್ರೆಡ್ ಹೋಗತಾವ. ಹೊಸ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ, ರಬ್ಬರ್ ಮುಟ್ಟಿದ ಮ್ಯಾಲ ಕೈಲೆ ಮುಕ್ಕಾಲು ಸುತ್ತು. ಹಳೆ ರಬ್ಬರ್ ಎಂಜಿನ್ನಿಗೆ ಅಂಟಿ ಉಳದೈತೇನು ಅಂತ ಬಟ್ಟಿಯಿಂದ ಒರಸಿ ನೋಡ್ರಿ, ಎರಡು ರಬ್ಬರ್ ಕೂಡಿದ್ರ ಆಯಿಲ್ ಪೂರಾ ಚಿಮ್ಮತೈತಿ.

ಫಿಲ್ಟರ್ ಸಮೇತ ಸುಮಾರು 4 ಲೀಟರ್ ಹಿಡಿತೈತಿ. ಮೊದಲು ಮೂರೂವರೆ ಹಾಕಿ, ಒಂದು ನಿಮಿಷ ಎಂಜಿನ್ ಚಾಲೂ ಇಟ್ಟು ಬಂದ್ ಮಾಡಿ, ಐದು ನಿಮಿಷ ಬಿಟ್ಟು ಗೇಜ್ ನೋಡಿ ಉಳಿದದ್ದು ಸ್ವಲ್ಪ ಸ್ವಲ್ಪ ಹಾಕ್ರಿ. ಮ್ಯಾಲಿನ ಗುರ್ತು ದಾಟಿಸಬ್ಯಾಡ್ರಿ: ಕ್ರ್ಯಾಂಕ್ ಬಡದು ನೊರಿ ಏಳತೈತಿ, ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಗ ಬಿಡೋ ಪೈಪ್) ಹಾದು ಆಯಿಲ್ ಇಂಟೇಕಿಗೆ ಹೋಗಿ ನಾಕಿಂಗ್ (ಎಂಜಿನ್ ಬಡಿಯೋದು) ಸುರು ಆಗತೈತಿ.

ಡಬ್ಬಿ ತಗೊಳ್ಳುವಾಗ ಮುಚ್ಚಳದ ಉಂಗುರ ಹರಿದಿರಬಾರದು, ಬಾಯಿಯ ಫಾಯಿಲ್ ಸೀಲ್ ಇರೋ ಕಂಪನಿದಾದ್ರ ಅದೂ ಗಟ್ಟಿ ಇರಬೇಕು, ಡಬ್ಬಿ ಮ್ಯಾಲಿನ ಬ್ಯಾಚ್ ನಂಬರ್, ತಾರೀಖು ಅಳಿಸಿರಬಾರದು, ಕ್ಯೂಆರ್ ಕೋಡ್ ಇದ್ರ ಅಂಗಡ್ಯಾಗೇ ಮೊಬೈಲಿನಿಂದ ತಗದು ನೋಡ್ರಿ. ಬಿಲ್ ಬೇಕಾ ಬೇಕು. ಖಾಲಿ ಡಬ್ಬಿ ಹಂಗ ಗುಜರಿಗೆ ಕೊಡಬ್ಯಾಡ್ರಿ, ತಳಕ್ಕ ಮೊಳೆ ಬಡದು ತೂತು ಮಾಡಿ ಕೊಡ್ರಿ. ಡುಪ್ಲಿಕೇಟ್ ತುಂಬೋರಿಗೆ ಬೇಕಾದದ್ದು ಅದ ಡಬ್ಬಿ. ಹಳೆ ಆಯಿಲ್ ಗಟಾರಕ್ಕ ಸುರುವಬ್ಯಾಡ್ರಿ, ಬ್ಯಾರೆ ಕ್ಯಾನಿನಾಗ ತುಂಬಿ ಹಳೆ ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಮುಟ್ಟಿಸ್ರಿ. ಮರುದಿನ ಮುಂಜಾನೆ ಗಾಡಿ ತಗಿಯೋಕಿಂತ ಮೊದಲು ಒಮ್ಮಿ ಬಗ್ಗಿ ನೆಲದ ಮ್ಯಾಲ ಹನಿ ಬಿದ್ದಾವೇನು ಅಂತ ನೋಡ್ರಿ.