ಬೆನೆಲಾಂಗ್: ಲೇಬರ್ ಗೆದ್ದಿದ್ದ ಕ್ಷೇತ್ರ ಮತದಾನಕ್ಕೆ ಮೊದಲೇ ಲಿಬರಲ್ ಖಾತೆಗೆ ಹೋದದ್ದು ಹೇಗೆ?

ಕೋಷ್ಟಕ_1949:
ಆಸ್ಟ್ರೇಲಿಯಾ ಸಂಸತ್ತಿನ ಕೆಳಮನೆಯ, ಸಿಡ್ನಿಯ ವಾಯವ್ಯ ಉಪನಗರಗಳ ಬೆನೆಲಾಂಗ್ ಕ್ಷೇತ್ರದ ಫಲಿತಾಂಶಗಳನ್ನು 1949ರಿಂದ ಇಲ್ಲಿಯವರೆಗೆ ಒಂದೇ ಕೋಷ್ಟಕಕ್ಕೆ ತರುತ್ತಿದ್ದೇನೆ. ಸದಸ್ಯರು ಐದೇ ಜನ: ಜಾನ್ ಕ್ರೇಮರ್, 1974ರಿಂದ ಜಾನ್ ಹೋವರ್ಡ್, 2007ರಿಂದ ಮ್ಯಾಕ್ಸೀನ್ ಮೆಕ್ಯೂ, 2010ರಿಂದ ಜಾನ್ ಅಲೆಕ್ಸಾಂಡರ್, 2022ರಿಂದ ಜೆರೋಮ್ ಲಕ್ಸಾಲ್. ಮೆಕ್ಯೂ, ಲಕ್ಸಾಲ್ ಲೇಬರ್, ಉಳಿದವರು ಲಿಬರಲ್. ಹೆಸರುಗಳಲ್ಲಿ ತೊಡಕಿಲ್ಲ, ಅಂಕಿಗಳಲ್ಲಿದೆ. 2022ರಲ್ಲಿ ಲೇಬರ್, ಲಿಬರಲ್ ಎದುರಿನ ಅಂತಿಮ ಎಣಿಕೆಯಲ್ಲಿ, ಶೇ. 50.98 ಪಡೆದು ಗೆದ್ದಿತು. 2025ರ ಚುನಾವಣೆಗೆ ಮುಂಚಿನ ಪಟ್ಟಿಗಳಲ್ಲಿ ಮಾತ್ರ ಇದೇ ಕ್ಷೇತ್ರ ಲಿಬರಲ್ ಪಕ್ಷದ್ದು, ಅಂತರ (ಅರ್ಧದ ಗೆರೆಗಿಂತ ಮುಂದಿರುವ ಪಾಲು) ಶೇ. 0.04 ಎಂದಿದೆ. ನಡುವೆ ಉಪಚುನಾವಣೆ ನಡೆದಿಲ್ಲ. ಯಾವ ಅಂಕಿ ಹಾಕಬೇಕು? ಹಾಗೆಯೇ, 2007ರಲ್ಲಿ ಮೊದಲ ಪ್ರಾಶಸ್ತ್ಯದ ಮತಗಳಲ್ಲಿ (ಮತದಾರರು 1 ಎಂದು ಅಂಕೆ ಹಾಕಿದವು) ಆಗಿನ ಪ್ರಧಾನಿ ಹೋವರ್ಡ್ ಅವರೇ ಕೂದಲೆಳೆಯಷ್ಟು ಮುಂದಿದ್ದರು. ಸೋಲನ್ನು ಯಾವ ಅಂಕಿಯಿಂದ ತೋರಿಸಲಿ?

ಗಡಿರೇಖೆ:
ಎರಡೂ ಸರಿ, ಆದರೆ ಅವು ಎರಡು ಬೇರೆ ನಕ್ಷೆಗಳ ಅಂಕಿಗಳು. 50.98 ಜನ ಹಾಕಿದ ಮತ. 0.04 ಲೆಕ್ಕ ಹಾಕಿ ತೆಗೆದದ್ದು: 2022ರ ಮತಗಳನ್ನೇ 2024ರ ಗಡಿಯೊಳಗೆ ಮತ್ತೆ ಹಂಚಿದರೆ ಯಾರು ಗೆಲ್ಲುತ್ತಿದ್ದರು ಎನ್ನುವ ಅಂದಾಜು.

2024ರ ಮರುವಿಂಗಡಣೆಯಲ್ಲಿ ನ್ಯೂ ಸೌತ್ ವೇಲ್ಸ್‌ನ ಸ್ಥಾನಗಳು 47ರಿಂದ 46ಕ್ಕೆ ಇಳಿದವು, ನಾರ್ತ್ ಸಿಡ್ನಿ ಕ್ಷೇತ್ರ ರದ್ದಾಯಿತು. ಅದರಲ್ಲಿದ್ದ ಲೇನ್ ಕೋವ್, ಹಂಟರ್ಸ್ ಹಿಲ್ ಬೆನೆಲಾಂಗ್‌ಗೆ ಬಂದವು. ಪಶ್ಚಿಮ ಅಂಚಿನ ಕೆಲವು ಭಾಗ ಪಕ್ಕದ ಕ್ಷೇತ್ರಗಳ ಪಾಲಾಯಿತು. ಹೀಗೆ ಎಳೆದಾಡಲೇಬೇಕಾಗುತ್ತದೆ, ಏಕೆಂದರೆ ಪ್ರತಿ ಕ್ಷೇತ್ರದ ಮತದಾರರ ಸಂಖ್ಯೆ ಈಗಿನ ಸರಾಸರಿಗಿಂತ ಶೇ. 10ಕ್ಕಿಂತ ಹೆಚ್ಚು ಆಚೀಚೆ ಇರಬಾರದು. ಮೂರೂವರೆ ವರ್ಷದ ನಂತರದ ಅಂದಾಜಿಗೆ ಮಿತಿ ಇನ್ನೂ ಬಿಗಿ, ಶೇ. 3.5 ಮಾತ್ರ. ಒಂದು ಕ್ಷೇತ್ರ ಮಾಯವಾದರೆ ಸುತ್ತಲಿನ ಎಲ್ಲ ಗೆರೆಗಳೂ ಸರಿಯುತ್ತವೆ.

ಅಂದಾಜು ಅಂತರವನ್ನು ನೀವೇ ಲೆಕ್ಕ ಹಾಕುವುದಾದರೆ ಹೆಚ್ಚಿನವರು ಎಡವುವ ಜಾಗ ಒಂದಿದೆ. 2022ರಲ್ಲಿ ನಾರ್ತ್ ಸಿಡ್ನಿಯಲ್ಲಿ ಗೆದ್ದವರು ಪಕ್ಷೇತರ ಅಭ್ಯರ್ಥಿ ಕೈಲಿಯಾ ಟಿಂಕ್. ಅಲ್ಲಿನ ಅಂತಿಮ ಎಣಿಕೆ ಪಕ್ಷೇತರ ಮತ್ತು ಲಿಬರಲ್ ನಡುವಿನದು. ಅದನ್ನು ಬೆನೆಲಾಂಗ್‌ನ ಲೇಬರ್–ಲಿಬರಲ್ ಎಣಿಕೆಗೆ ಕೂಡಿಸಿದರೆ ಉತ್ತರ ಕೆಡುತ್ತದೆ. ಇಂಥ ಕ್ಷೇತ್ರಗಳಲ್ಲಿ ಚುನಾವಣಾ ಆಯೋಗ ಎರಡು ದೊಡ್ಡ ಪಕ್ಷಗಳ ನಡುವೆ ಪ್ರತ್ಯೇಕ ಎಣಿಕೆಯನ್ನೂ ಮಾಡುತ್ತದೆ, ಮತಗಟ್ಟೆವಾರು ಅದನ್ನೇ ತೆಗೆದುಕೊಳ್ಳಿ. ಮುಂಗಡ ಮತದಾನ ಕೇಂದ್ರಕ್ಕೆ ಇಡೀ ಕ್ಷೇತ್ರದಿಂದ ಜನ ಬರುತ್ತಾರೆ, ಹಾಗಾಗಿ ಅಲ್ಲಿನ ಮತವನ್ನು ಕೇಂದ್ರ ಇರುವ ಬಡಾವಣೆಗೆ ಬರೆಯಬೇಡಿ. ಮತದಾರರ ನೋಂದಣಿ ವಿಳಾಸದ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕು.

ಕೋಷ್ಟಕದಲ್ಲಿ ಮೂರು ಅಂಕಣ ಇಡಿ: ಗಡಿಯ ವರ್ಷ, ಆ ಗಡಿಗೆ ಹಿಂದಿನ ಚುನಾವಣೆಯ ಅಂದಾಜು, ಹೊಸ ಫಲಿತಾಂಶ. 2025ರಲ್ಲಿ ಲೇಬರ್ ಸುಮಾರು ಶೇ. 59.3 ಪಡೆಯಿತು. 50.98ರಿಂದ ಕಳೆದರೆ ವಾಲಿಕೆ (ಹಿಂದಿನ ಚುನಾವಣೆಗಿಂತ ಪಾಲು ಬದಲಾದ ಪ್ರಮಾಣ) 8.3 ಬರುತ್ತದೆ, ಅದು ತಪ್ಪು. ಹೊಸ ಗಡಿಯ 49.96ರಿಂದ ಕಳೆದು ಬರುವ 9.3 ಸರಿ.

ಎಣಿಕೆಮೇಜು:
2007ರ ಬಗ್ಗೆ. ಮೊದಲ ಪ್ರಾಶಸ್ತ್ಯದಲ್ಲಿ ಹೋವರ್ಡ್ ಶೇ. 45.5, ಮೆಕ್ಯೂ ಶೇ. 45.3. ಯಾರಿಗೂ ಅರ್ಧಕ್ಕಿಂತ ಹೆಚ್ಚು ಸಿಗದಿದ್ದರೆ ಕೊನೆಯ ಅಭ್ಯರ್ಥಿಯಿಂದ ಒಬ್ಬೊಬ್ಬರನ್ನೇ ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಅಂಕೆ ಯಾರಿಗಿದೆಯೋ ಅವರ ಕಟ್ಟಿಗೆ ಹಾಕುತ್ತಾರೆ. ಗ್ರೀನ್ಸ್ ಪಕ್ಷದ ಮತಗಳಲ್ಲಿ ದೊಡ್ಡ ಪಾಲು ಮೆಕ್ಯೂ ಕಟ್ಟು ಸೇರಿತು, ಕೊನೆಗೆ ಅವರಿಗೆ ಶೇ. 51.4. ಕೋಷ್ಟಕಕ್ಕೆ ಈ ಕೊನೆಯ ಅಂಕಿಯೇ ಬೇಕು.

ಅಧಿಕಾರದಲ್ಲಿದ್ದ ಪ್ರಧಾನಿ ತನ್ನದೇ ಕ್ಷೇತ್ರದಲ್ಲಿ ಸೋತದ್ದು 1929ರಲ್ಲಿ ಫ್ಲಿಂಡರ್ಸ್‌ನಲ್ಲಿ ಸ್ಟ್ಯಾನ್ಲಿ ಬ್ರೂಸ್ ಸೋತ ನಂತರ ಇದೇ ಮೊದಲು. ಹಾಗಾಗಿ ಇದನ್ನು ಬೆನೆಲಾಂಗ್ ಜನರ ವಿಶೇಷ ಸಿಟ್ಟು ಎಂದು ಬರೆಯುವವರು ಬಹಳ. ಅಂಕಿ ಹಾಗೆ ಹೇಳುವುದಿಲ್ಲ. ಇಲ್ಲಿನ ವಾಲಿಕೆ ಸುಮಾರು 5.5, ದೇಶದ ಸರಾಸರಿ 5.4. ವ್ಯತ್ಯಾಸ ಇದ್ದದ್ದು ಅಂತರದಲ್ಲಿ. ಗಡಿ ದಶಕಗಳಿಂದ ಪಶ್ಚಿಮಕ್ಕೆ, ಎರ್ಮಿಂಗ್ಟನ್ ಕಡೆಗೆ ಸರಿದಿತ್ತು, ಉಪನಗರಗಳ ಜನವೂ ಬದಲಾಗಿದ್ದರು. 2004ರಲ್ಲೇ, ಆಂಡ್ರ್ಯೂ ವಿಲ್ಕಿ ಗ್ರೀನ್ಸ್ ಪರ ನಿಂತಾಗ, ಹೋವರ್ಡ್ ಮೊದಲ ಪ್ರಾಶಸ್ತ್ಯದಲ್ಲಿ ಶೇ. 50ಕ್ಕೆ ತುಸು ಕಡಿಮೆ ಬಿದ್ದಿದ್ದರು. ಅಂತರ ನಾಲ್ಕರ ಆಸುಪಾಸಿಗೆ ಇಳಿದಿದ್ದ ಕ್ಷೇತ್ರ ಸಾಮಾನ್ಯ ಅಲೆಯಲ್ಲೇ ಕೈಬಿಟ್ಟಿತು.

ಪುಟ್ನಿ_ದಂಡೆ:
ಅಲೆಕ್ಸಾಂಡರ್ ಅವರನ್ನು 2010–22 ಎಂದು ಒಂದೇ ಸಾಲಿನಲ್ಲಿ ಬರೆಯಬೇಡಿ. ತಂದೆಯಿಂದ ಬ್ರಿಟಿಷ್ ಪೌರತ್ವ ಬಂದಿರಬಹುದೆಂಬ ಕಾರಣಕ್ಕೆ, ವಿದೇಶಿ ಪೌರತ್ವ ಇರುವವರು ಸಂಸದರಾಗುವಂತಿಲ್ಲ ಎನ್ನುವ ಸಂವಿಧಾನದ 44ನೇ ವಿಧಿ ಅಡ್ಡಬಂದು, 2017ರ ನವೆಂಬರ್ 11ರಂದು ರಾಜೀನಾಮೆ ಕೊಟ್ಟರು. ಡಿಸೆಂಬರ್ 16ರ ಉಪಚುನಾವಣೆಯಲ್ಲಿ ಲೇಬರ್‌ನ ಕ್ರಿಸ್ಟೀನಾ ಕೆನೀಲಿ ಎದುರು ಮತ್ತೆ ಗೆದ್ದರು. ಆಗ ಗಡಿ 2016ರದ್ದೇ, ಆದ್ದರಿಂದ ಅವರ ಪಾಲು ಶೇ. 59.7ರಿಂದ 54.9ಕ್ಕೆ ಇಳಿದದ್ದನ್ನು ನೇರವಾಗಿ ಕಳೆಯಬಹುದು.

ಗಡಿಯ ಅಂಕಣದಲ್ಲಿ 1949ರ ಎದುರು ರೈಡ್, ಹಂಟರ್ಸ್ ಹಿಲ್, ಲೇನ್ ಕೋವ್ ಎಂದು ಬರೆಯಿರಿ. ಆಗ ಇವು ಲಿಬರಲ್ ಭದ್ರಕೋಟೆ. 2024ರಲ್ಲಿ ಕ್ಷೇತ್ರ ಹೆಚ್ಚುಕಡಿಮೆ ತನ್ನ ಮೂಲ ಜಾಗಕ್ಕೇ ಮರಳಿತು, ಆದರೂ ಮರುವರ್ಷ ಲೇಬರ್ ಶೇ. 59 ದಾಟಿತು. ಇಡೀ ಕೋಷ್ಟಕದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಾಲು ಅದು.

ಹೆಸರಿನ ಟಿಪ್ಪಣಿ ಹಾಕುವುದಾದರೆ ಒಂದು ಎಚ್ಚರ. ಒಪೆರಾ ಹೌಸ್ ನಿಂತಿರುವ ಬೆನೆಲಾಂಗ್ ಪಾಯಿಂಟ್ ಈ ಕ್ಷೇತ್ರದಲ್ಲಿಲ್ಲ, ಅದು ಸಿಡ್ನಿ ಕ್ಷೇತ್ರಕ್ಕೆ ಸೇರಿದ್ದು. ಎರಡಕ್ಕೂ ಹೆಸರು ಕೊಟ್ಟವರು ಮೂಲನಿವಾಸಿ ವಾಂಗಲ್ ಕುಲದ ಬೆನೆಲಾಂಗ್. ಗವರ್ನರ್ ಫಿಲಿಪ್ ಜೊತೆ 1792ರಲ್ಲಿ ಇಂಗ್ಲೆಂಡಿಗೆ ಹೊರಟು 1795ರಲ್ಲಿ ಮರಳಿದವರು, 1813ರಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಕಿಸ್ಸಿಂಗ್ ಪಾಯಿಂಟ್‌ನ ಜೇಮ್ಸ್ ಸ್ಕ್ವೈರ್ ತೋಟದಲ್ಲಿ. ಆ ಜಾಗ ಇಂದಿನ ಪುಟ್ನಿ, ಅದು ಬೆನೆಲಾಂಗ್ ಕ್ಷೇತ್ರದೊಳಗೇ ಇದೆ.