ಒಂದೇ ಊರು, ಎರಡು ದೇಶ: ಬಾರ್ಲೆಯ ಗಡಿಯನ್ನು ಯಾರೂ ಯಾಕೆ ನೆಟ್ಟಗೆ ಮಾಡಿಲ್ಲ?

ನಕ್ಷೆಹುಚ್ಚ

ಕೆಲಸದ ಮೇಲೆ ಐಂಡ್‌ಹೋವನ್‌ಗೆ ಬಂದು ಎಂಟು ತಿಂಗಳಾಯಿತು. ಹೋದ ಶನಿವಾರ ಬಾರ್ಲೆ ನೋಡಿಕೊಂಡು ಬಂದೆ. ಅವತ್ತಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ.

ಊರು ಇರುವುದು ನೆದರ್ಲೆಂಡ್ಸ್ ಒಳಗೆ, ಬೆಲ್ಜಿಯಂ ಗಡಿಗೆ ಹತ್ತಿರ. ಆದರೆ ಅದರೊಳಗೆ ಬೆಲ್ಜಿಯಂಗೆ ಸೇರಿದ 22 ತುಂಡು ನೆಲ ಅಕ್ಕಿ ಚೆಲ್ಲಿದ ಹಾಗೆ ಹರಡಿಕೊಂಡಿದೆ. ಸಾಲದು ಅಂತ ಆ ತುಂಡುಗಳ ಹೊಟ್ಟೆಯೊಳಗೆ ಮತ್ತೆ ನೆದರ್ಲೆಂಡ್ಸಿನ 7 ತುಂಡು! ಬೆಲ್ಜಿಯಂ ಪಾಲಿನ ಹೆಸರು ಬಾರ್ಲೆ-ಹೆರ್ಟೊಗ್, ಡಚ್ಚರ ಪಾಲು ಬಾರ್ಲೆ-ನಾಸೌ. ಎರಡು ಪುರಸಭೆ, ಇಬ್ಬರು ಮೇಯರ್, ಮಾತಾಡುವ ಭಾಷೆ ಮಾತ್ರ ಒಂದೇ.

ಫುಟ್‌ಪಾತಿನ ಮೇಲೆ ಬಿಳಿ ಕೂಡುವ ಗುರುತುಗಳ ಸಾಲು, ಒಂದು ಕಡೆ 'ಎನ್‌ಎಲ್', ಇನ್ನೊಂದು ಕಡೆ 'ಬಿ'. ಅದನ್ನೇ ಹಿಡಿದು ನಡೆದರೆ ಸೀದಾ ಅಂಗಡಿಯೊಳಗೆ ನುಗ್ಗುತ್ತದೆ, ಯಾರದೋ ಹಿತ್ತಿಲಲ್ಲಿ ಏಳುತ್ತದೆ. ಲೋವೆರನ್ ಅನ್ನೋ ಬೀದಿಯಲ್ಲಿ ಒಂದು ಮನೆಯ ಮುಂಬಾಗಿಲ ನಡುವೆಯೇ ಗಡಿ ಹೋಗಿದೆ. ಒಂದೇ ಬಾಗಿಲಿಗೆ ಎರಡು ನಂಬರ್, 2 ಮತ್ತು 19, ಪಕ್ಕದಲ್ಲಿ ಅವರವರ ಬಾವುಟದ ಬಣ್ಣ. ಕರೆಗಂಟೆಯೂ ಎರಡು.

ನನ್ನ ಪ್ರಶ್ನೆ ಇಷ್ಟೇ. ಎರಡೂ ಸ್ನೇಹದಲ್ಲಿರುವ ದೇಶ. ಒಂದು ಸಹಿ ಹಾಕಿ ಅದಲುಬದಲು ಮಾಡಿಕೊಂಡರೆ ಮುಗೀತಲ್ವಾ? ನಮ್ಮಲ್ಲಿ ಸೈಟಿನ ಬೇಲಿ ಅರ್ಧ ಅಡಿ ಆಚೆ ಬಂದರೆ ಕೋರ್ಟು ಹತ್ತುತ್ತಾರೆ, ಇವರು ಹೇಗೆ ಸುಮ್ನಿದ್ದಾರೆ?

ಬ್ರೆಡಾದ_ಬಿಸಿಬೇಳೆ

ಸುಮ್ನೆ ಎಲ್ಲಿದ್ದಾರೆ ಗುರು, ಅವರೂ ಕೋರ್ಟು ಹತ್ತಿದ್ದಾರೆ. ಅದೂ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ!

ಮೊದಲಿಂದ ಹೇಳುತ್ತೇನೆ. 1198ರ ಸುಮಾರಿಗೆ ಬ್ರಬಾಂಟ್‌ನ ಡ್ಯೂಕ್ ಮೊದಲನೇ ಹೆನ್ರಿ ಇಲ್ಲಿನ ನೆಲವನ್ನು ಬ್ರೆಡಾದ ಪಾಳೇಗಾರನಿಗೆ ಬಿಟ್ಟುಕೊಟ್ಟ. ಆದರೆ ಪೂರ್ತಿ ಕೊಡಲಿಲ್ಲ. ಜನ ಕೂತು ಉಳುತ್ತಿದ್ದ, ಕಂದಾಯ ಬರುತ್ತಿದ್ದ ಹೊಲಮನೆಗಳನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಬೀಳು ಬಿದ್ದಿದ್ದನ್ನು ಕೊಟ್ಟ. ಜಾಣ. 'ಹೆರ್ಟೊಗ್' ಅಂದರೆ ಡಚ್ ಭಾಷೆಯಲ್ಲಿ ಡ್ಯೂಕ್ ಅಂತಲೇ ಅರ್ಥ. ಬ್ರೆಡಾ ಮುಂದೆ ನಾಸೌ ಮನೆತನಕ್ಕೆ ಹೋಯಿತು, ಅದಕ್ಕೆ ಇನ್ನೊಂದು ಪಾಲಿಗೆ ಆ ಹೆಸರು. ಇಬ್ಬರು ಜಮೀನ್ದಾರರ ನಡುವಿನ ಈ ಹಂಚಿಕೆ, 1648ರಲ್ಲಿ ಡಚ್ಚರು ಸ್ಪೇನ್‌ನಿಂದ ಬೇರೆಯಾದಾಗ ಎರಡು ರಾಜ್ಯಗಳ ಗಡಿಯಾಯಿತು. 1830ರಲ್ಲಿ ಬೆಲ್ಜಿಯಂ ಹುಟ್ಟಿದ ಮೇಲೆ ಎರಡು ದೇಶಗಳ ಗಡಿಯಾಯಿತು.

1843ರಲ್ಲಿ ಗಡಿ ಒಪ್ಪಂದಕ್ಕೆ ಕೂತವರು ಎಲ್ಲ ಕಡೆ ಗೆರೆ ಎಳೆದರು, ಬಾರ್ಲೆ ಬಂದಾಗ ಕೈಚೆಲ್ಲಿದರು. ಇಲ್ಲಿ ಗೆರೆ ಎಳೆಯುವ ಬದಲು 5732 ಸರ್ವೆ ನಂಬರ್‌ಗಳನ್ನು ಒಂದೊಂದಾಗಿ ಬರೆದು, ಇದು ನಿಮ್ಮದು, ಇದು ನಮ್ಮದು ಅಂತ ಗುರುತು ಹಾಕಿದರು. ನಮ್ಮ ಪಹಣಿ ಇದ್ದ ಹಾಗೆ ಅನ್ನಿ. ಅಲ್ಲೇ ಎಡವಟ್ಟಾಗಿದ್ದು. 91 ಮತ್ತು 92ನೇ ನಂಬರ್ ಒಂದು ದಾಖಲೆಯಲ್ಲಿ ನಾಸೌ ಪಾಲಿಗೆ, ಇನ್ನೊಂದರಲ್ಲಿ ಹೆರ್ಟೊಗ್ ಪಾಲಿಗೆ. ಡಚ್ಚರು ಇದು ಬರೆದವರ ತಪ್ಪು ಅಂದರು, ಬೆಲ್ಜಿಯಂ ಒಪ್ಪಲಿಲ್ಲ. 1959ರಲ್ಲಿ ಹೇಗ್‌ನಲ್ಲಿ 10-4 ಮತಗಳಿಂದ ಬೆಲ್ಜಿಯಂ ಗೆದ್ದಿತು.

ನೀವು ಹೇಳುವ ಅದಲುಬದಲಿಗೆ 1892ರಲ್ಲೇ ಸಹಿ ಬಿದ್ದಿತ್ತು. ಅಂತಿಮ ಒಪ್ಪಿಗೆ ಸಿಗದೆ ಕಾಗದದಲ್ಲೇ ಉಳಿಯಿತು. ಹದ್ದುಬಸ್ತು ಪೂರ್ತಿ ಮುಗಿದಿದ್ದು 1995ಕ್ಕೆ. ಅಂದರೆ ಮೊನ್ನೆ ಮೊನ್ನೆ.

ಮಲ್ನಾಡ್_ಮಳೆ

ಇತಿಹಾಸ ಸರಿ. ಆದರೆ ಈಗ ಯಾಕೆ ಸರಿ ಮಾಡುತ್ತಿಲ್ಲ ಅಂದರೆ, ಊರಿನವರಿಗೇ ಬೇಕಿಲ್ಲ. ಅದರಿಂದ ಲಾಭ ಇದೆಯಲ್ಲ! ಅಲ್ಲಿ 'ಮುಂಬಾಗಿಲ ನಿಯಮ' ಅಂತ ಒಂದಿದೆ. ಮನೆಯ ಮೇಲೆ ಗಡಿ ಹೋಗಿದ್ದರೆ ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು. ನಮ್ಮವರು ವಾಸ್ತು ಅಂತ ಬಾಗಿಲು ತಿರುಗಿಸುತ್ತಾರೆ, ಅಲ್ಲಿ ಬಾಗಿಲು ಸರಿಸಿದರೆ ದೇಶವೇ ಬದಲು.

ಬಿಯರ್ ಕುಡಿಯೋಕೆ ಬೆಲ್ಜಿಯಂ ಪಾಲಿನಲ್ಲಿ 16 ವರ್ಷ ಸಾಕು, ರಸ್ತೆ ದಾಟಿದರೆ 18. ಪಟಾಕಿ ಅಂಗಡಿಗಳೆಲ್ಲ ಬೆಲ್ಜಿಯಂ ಕಡೆ, ಯಾಕಂದರೆ ಅಲ್ಲಿ ವರ್ಷಪೂರ್ತಿ ಮಾರಬಹುದು. ಕೊರೊನಾ ಶುರುವಾದಾಗಿನ ಫೋಟೋ ನೋಡಿದ್ದೀರಾ? 2020ರ ಮಾರ್ಚಲ್ಲಿ ಬೆಲ್ಜಿಯಂ ಬಟ್ಟೆ ಅಂಗಡಿಗಳನ್ನು ಮುಚ್ಚಿಸಿತು, ಡಚ್ಚರು ಮುಚ್ಚಿಸಲಿಲ್ಲ. ಗಡಿ ಮೇಲಿದ್ದ ಒಂದು ಅಂಗಡಿಯವರು ಒಳಗೆ ಅಡ್ಡಡ್ಡ ಟೇಪ್ ಕಟ್ಟಿ ಅರ್ಧ ಅಂಗಡಿಯಲ್ಲಿ ಮಾತ್ರ ವ್ಯಾಪಾರ ಮಾಡಿದರು. ಟೇಪಿನ ಆಚೆ ನೇತಾಡುತ್ತಿದ್ದ ಬಟ್ಟೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗೋಲ್ಲ!

ಇನ್ನೊಂದು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಹೆಚ್ಚುಕಡಿಮೆ ಇಡೀ ಬೆಲ್ಜಿಯಂ ನುಂಗಿತು, ಆದರೆ ಬಾರ್ಲೆ-ಹೆರ್ಟೊಗ್ ಮುಟ್ಟಲಾಗಲಿಲ್ಲ. ಅಲ್ಲಿಗೆ ಹೋಗಬೇಕೆಂದರೆ ಯುದ್ಧಕ್ಕೇ ಇಳಿಯದ ನೆದರ್ಲೆಂಡ್ಸ್ ದಾಟಬೇಕಿತ್ತು. 1915ರಲ್ಲಿ ಬೆಲ್ಜಿಯಂನವರು ಅಲ್ಲೊಂದು ರೇಡಿಯೋ ಕೇಂದ್ರ ನಡೆಸಿದರು. ಶತ್ರುವಿನ ಬೆನ್ನ ಹಿಂದೆಯೇ.

ಉತ್ತರ_ಬಂಗಾಳ_ಡೈರಿ

ಎಲ್ಲರೂ ನಗುತ್ತಿದ್ದೀರಿ, ಇದೇ ಕಥೆಯ ಇನ್ನೊಂದು ಮುಖ ಹೇಳುತ್ತೇನೆ. ಬ್ಯಾಂಕ್ ಕೆಲಸದಲ್ಲಿ ಮೂರು ವರ್ಷ ಪಶ್ಚಿಮ ಬಂಗಾಳದ ಕೂಚ್ ಬೆಹಾರ್‌ನಲ್ಲಿದ್ದೆ. ಅಲ್ಲಿ ಇಂಥ ತುಂಡುಗಳಿಗೆ ಛಿಟ್‌ಮಹಲ್ ಅನ್ನುತ್ತಾರೆ. ಬಾಂಗ್ಲಾದೇಶದೊಳಗೆ ನಮ್ಮದು 111, ನಮ್ಮೊಳಗೆ ಅವರದು 51 ಇದ್ದವು. ಕೂಚ್ ಬೆಹಾರ್ ರಾಜ ಮತ್ತು ರಂಗಪುರದ ಫೌಜುದಾರ ಚದುರಂಗದಲ್ಲಿ ಹಳ್ಳಿಗಳನ್ನು ಪಣಕ್ಕಿಟ್ಟಿದ್ದರು ಅಂತ ಜನ ಹೇಳುತ್ತಾರೆ. ಅದು ಕಟ್ಟುಕಥೆ. ನಿಜವಾದ ಬೇರು 1713ರ ಸುಮಾರಿಗೆ ಮೊಘಲರ ಜೊತೆ ಆದ ಒಪ್ಪಂದ. ದಹಲಾ ಖಗ್ರಾಬಾರಿ ಅನ್ನೋ ಒಂದು ಹೊಲ ಇತ್ತು, ಎರಡು ಎಕರೆಗೂ ಕಡಿಮೆ. ಬಾಂಗ್ಲಾದೇಶದೊಳಗಿನ ಭಾರತ, ಅದರೊಳಗಿನ ಬಾಂಗ್ಲಾದೇಶ, ಅದರೊಳಗೆ ಮತ್ತೆ ಭಾರತ! ಇಡೀ ಪ್ರಪಂಚದಲ್ಲಿ ಅಂಥದ್ದು ಅದೊಂದೇ ಇದ್ದಿದ್ದು.

ಅಲ್ಲಿ ಪಟಾಕಿ, ಬಿಯರ್ ಏನೂ ಇರಲಿಲ್ಲ. ಕರೆಂಟಿಲ್ಲ, ಶಾಲೆಯಿಲ್ಲ, ಪೊಲೀಸರಿಲ್ಲ, ಓಟಿಲ್ಲ. ನಮ್ಮೊಳಗೆ ಬಾಂಗ್ಲಾದೇಶದ ತುಂಡಾಗಿದ್ದ ಮಶಾಲ್‌ಡಾಂಗಾ ಕಡೆಯ ಒಬ್ಬರು ಹೇಳಿದ್ದು ಇನ್ನೂ ನೆನಪಿದೆ. ಮಗನನ್ನು ಶಾಲೆಗೆ ಸೇರಿಸೋಕೆ ತಂದೆಯ ಹೆಸರಿನ ಜಾಗದಲ್ಲಿ ಪಕ್ಕದ ಭಾರತದ ಹಳ್ಳಿಯವರ ಹೆಸರು ಬರೆಸಿದ್ದರಂತೆ. ಹಾಗೆ ಮಾಡಿದವರು ಅವರೊಬ್ಬರೇ ಅಲ್ಲ. ಈ ತುಂಡುಗಳ ಅದಲುಬದಲಿಗೆ 1974ರಲ್ಲಿ ಇಂದಿರಾ ಗಾಂಧಿ ಮತ್ತು ಬಾಂಗ್ಲಾದೇಶದ ಮುಜೀಬ್ ಸಹಿ ಹಾಕಿದ ಒಪ್ಪಂದ ಜಾರಿಗೆ ಬಂದಿದ್ದು 2015ರ ಜುಲೈ 31ರ ಮಧ್ಯರಾತ್ರಿ. ಅದಕ್ಕೆ ಸಂವಿಧಾನದ 100ನೇ ತಿದ್ದುಪಡಿಯೇ ಬೇಕಾಯಿತು. ಒಂದು ಸಹಿ ಅಂದಿರಲ್ಲ, ಸಹಿ ಆದಮೇಲೆ 41 ವರ್ಷ.

ಸವಿ_ಶೇಂಗಾಹೋಳಿಗೆ

ಅಷ್ಟು ದೂರ ಯಾಕ್ರೀ? ನಮ್ಮ ಕುಂದಗೋಳ ತಗೊಳ್ಳಿ. ಪಕ್ಕದ ಹುಬ್ಬಳ್ಳಿ ಬ್ರಿಟಿಷರದು, ಕುಂದಗೋಳ ಮಾತ್ರ ಎಲ್ಲೋ ದೂರದ ಜಮಖಂಡಿ ಸಂಸ್ಥಾನದ್ದು, ಪಟವರ್ಧನರ ಆಳ್ವಿಕೆ. 1948ರಲ್ಲಿ ಸಂಸ್ಥಾನ ವಿಲೀನ ಆಗೋವರೆಗೂ ಹಾಗೇ ಇತ್ತು. ಅಜ್ಜಿ ಹುಬ್ಬಳ್ಳಿ ಸಂತೆಗೆ ಹೊರಟರೆ ಅಜ್ಜ "ಇಂಗ್ಲೆಂಡಿಗೆ ಹೊಂಟ್ಳು" ಅಂತ ಚಾಷ್ಟಿ ಮಾಡುತ್ತಿದ್ದರಂತೆ. ಬೆಂಗಳೂರಿನವರೂ ದಂಡು ಪ್ರದೇಶ ಮರೆತುಬಿಟ್ಟಿದ್ದಾರೆ. 1881ರಿಂದ 1947ರವರೆಗೆ ಅದು ಬ್ರಿಟಿಷರ ಆಡಳಿತ, ಪೇಟೆ ಮೈಸೂರು ಮಹಾರಾಜರದ್ದು. ಮುನಿಸಿಪಾಲಿಟಿಯೂ ಬೇರೆ ಬೇರೆ.

ನಕ್ಷೆಹುಚ್ಚ

ಛಿಟ್‌ಮಹಲ್ ವಿಷಯ ಓದಿ 'ಒಂದು ಸಹಿ' ಅನ್ನೋ ಮಾತು ವಾಪಸ್ ತಗೊಂಡೆ. ಸವಿ ಅವರೇ, ನಿಮ್ಮ ಅಜ್ಜನಿಗೆ ನಮಸ್ಕಾರ.

ನಮ್ಮಪ್ಪ ಸರ್ವೆ ಇಲಾಖೆಯಲ್ಲಿದ್ದು ರಿಟೈರ್ ಆದವರು. ನಿನ್ನೆ ರಾತ್ರಿ ಫೋನಲ್ಲಿ 91, 92ರ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಬಾಂದು ಕಲ್ಲು ಹಾಕಿದ್ದಾರೇನೋ?" ಅಂದರು. ಇಲ್ಲಪ್ಪ, ರಸ್ತೆ ಮೇಲೆ ಬಿಳಿ ಗುರುತು ಅಷ್ಟೇ ಅಂದೆ. "ಮತ್ತೆ ಜಗಳ ಆಗದೆ ಇನ್ನೇನು" ಅಂದು ಅಮ್ಮನಿಗೆ ಫೋನ್ ಕೊಟ್ಟರು. ಮೇ ತಿಂಗಳಲ್ಲಿ ಇಬ್ಬರೂ ಬರುತ್ತಿದ್ದಾರೆ, ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ.